ಮನೆಮುದ್ದಿನ ಮುಖ

ಆ ಹುಡುಗಿಯನ್ನು ಮನೆಯಲ್ಲಿ ಕರೆಯುತ್ತಿದ್ದುದು ಕಡ್ಡಿ ಎಂದು. ಹುಟ್ಟಿದಾಗಿನಿಂದ ಬಡಕಲಾಗಿದ್ದುದಕ್ಕೆ ಅಪ್ಪ ಇಟ್ಟ ಹೆಸರದು. ಮಾತು ಕಲಿತ ಮೇಲೆ ಅವಳು ಕಡ್ಡಿ ಮುರಿದಂತೆ ಮಾತಾಡತೊಡಗಿದ್ದರಿಂದ ಹೆಸರು ಇನ್ನಷ್ಟು ಗಟ್ಟಿಯಾಗಿ ಅಂಟಿಕೊಂಡಿತು.

ಹತ್ತು ವರ್ಷದ ಕಡ್ಡಿ ನಗುವುದೇ ಇಲ್ಲ ಎಂದು ನೆಂಟರು ಆಡಿಕೊಳ್ಳುತ್ತಿದ್ದರು. ಅದು ಸುಳ್ಳು. ಅಪ್ಪ ಸೀನಿದ ಹೊಡೆತಕ್ಕೆ ಅವನ ಕನ್ನಡಕ ಹಾರಿ ಹಾಲಿನ ಪಾತ್ರೆಗೆ ಬಿದ್ದ ದಿನ ಅವಳು ಬಿಕ್ಕಳಿಕೆ ಬರುವ ತನಕ ನಕ್ಕಿದ್ದಳು. ಆದರೆ ಯಾರಾದರೂ 'ನಗು' ಎಂದು ಹೇಳಿದರೆ ಮಾತ್ರ ನಗುತ್ತಿರಲಿಲ್ಲ. ಫೋಟೋ ತೆಗೆಯುವವರು, ಅತ್ತೆಯಂದಿರು, ಶಾಲೆಯ ಟೀಚರುಗಳು 'ಎಲ್ಲಿ, ಒಂದು ಸಲ ನಗು ನೋಡೋಣ' ಎಂದ ಕೂಡಲೇ ಕಡ್ಡಿ ತಲೆಯನ್ನು ಒಂದಿಷ್ಟು ಓರೆ ಮಾಡಿ, ರೆಪ್ಪೆ ಬಡಿಯದೆ, ಹೇಳಿದವರ ಕಣ್ಣನ್ನೇ ನೋಡುತ್ತಿದ್ದಳು. ಅದರಲ್ಲಿ ಸಿಟ್ಟು ಇರಲಿಲ್ಲ. ಏನೂ ಇರಲಿಲ್ಲ. ಹೇಳಿದವರೇ ಸ್ವಲ್ಪ ಹೊತ್ತಿಗೆ ಬೇರೆ ಕಡೆ ತಿರುಗಿ ಕೆಮ್ಮುತ್ತಿದ್ದರು.

ಕಡ್ಡಿಯ ಅಮ್ಮ ವಿಡಿಯೋ ಗೇಮ್ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದಳು. ಆಟದಲ್ಲಿ ಬರುವ ಮನುಷ್ಯರ ಮುಖ, ಮೈ, ನಡಿಗೆ ಇವನ್ನೆಲ್ಲ ಕಂಪ್ಯೂಟರಿನಲ್ಲಿ ರೂಪಿಸುವುದು ಅವಳ ಕೆಲಸ. ಸೋಫಾ ಹೊಲಿಯುವವರ ಕಾರ್ಖಾನೆಯ ಮೇಲಿನ ಅಂತಸ್ತಿನಲ್ಲಿತ್ತು ಕಚೇರಿ. ಕೆಳಗೆ ಮರಕ್ಕೆ ಬಟ್ಟೆ ಬಿಗಿದು ಪಿನ್ನು ಹೊಡೆಯುವ ಸದ್ದು ದಿನವಿಡೀ ಮೇಜಿನ ಕಾಲುಗಳ ಮೂಲಕ ಮೇಲೆ ಬರುತ್ತಿತ್ತು. ಅಂಥ ಗದ್ದಲದಲ್ಲಿ ಕೂತು ಅವರು ಒಂದು ಹೆದರಿಸುವ ಆಟ ಮಾಡುತ್ತಿದ್ದರು. ಅದರ ಹೆಸರು 'ಮನೆಮುದ್ದು'.

ಹೆದರಿಸುವ ಆಟಗಳಲ್ಲಿ ಸಾಮಾನ್ಯವಾಗಿ ಆಡುವವರು ಹೆದರಿ ಓಡುತ್ತಾರೆ. ಇದರಲ್ಲಿ ಹಾಗಲ್ಲ. ಆಡುವವರೇ ಹೆದರಿಸುವ ಕೆಟ್ಟ ಮಗು. ತಂದೆತಾಯಿ ಇಲ್ಲದ ಒಬ್ಬಳು ಹುಡುಗಿ ದೂರದ ನೆಂಟರ ದೊಡ್ಡ ಮನೆಗೆ ಬರುತ್ತಾಳೆ. ಮನೆಯವರೆಲ್ಲ ಒಳ್ಳೆಯವರು. ಚಿಕ್ಕಮ್ಮ ತಲೆ ಬಾಚುತ್ತಾಳೆ, ಚಿಕ್ಕಪ್ಪ ಗೊಂಬೆ ತರುತ್ತಾನೆ, ಎಲ್ಲರೂ 'ನಗು ಮುದ್ದು, ನಗು' ಅನ್ನುತ್ತಾರೆ. ಹುಡುಗಿಗೆ ಆ ಮನೆ ಪೂರ್ತಿ ತನಗೊಬ್ಬಳಿಗೇ ಬೇಕು. ಒಬ್ಬೊಬ್ಬರನ್ನೇ ಹೆದರಿಸಿ, ಹುಚ್ಚು ಹಿಡಿಸಿ, ಮನೆಯಿಂದ ಓಡಿಸುವುದೇ ಆಟ. ಅವಳಿಗೇಕೆ ಅಷ್ಟು ಕೆಡುಕು ಎಂದು ಕಂಪನಿಯ ಬಾಸ್ ಬಹಳ ಸಲ ಕೇಳಿದ್ದ. ಮೈಮೇಲೆ ಏನಾದರೂ ಬಂದಿದೆ ಎಂದೋ, ಯಾರೋ ಹೊಡೆದಿದ್ದರು ಎಂದೋ ಒಂದು ಕಾರಣ ಸೇರಿಸಿ ಎಂದಿದ್ದ. ಆಟದ ಕತೆ ಬರೆಯುವವಳೂ ಕಡ್ಡಿಯ ಅಮ್ಮನೂ ಒಪ್ಪಿರಲಿಲ್ಲ. ಅವಳು ಹಾಗೇ, ಅಷ್ಟೇ, ಎಂದಿದ್ದರು.

ಮುಖ ಮಾತ್ರ ಸಿಕ್ಕಿರಲಿಲ್ಲ. ಅಮ್ಮ ಎಷ್ಟೇ ತಿದ್ದಿದರೂ ಅಂಗಡಿಯ ಗೊಂಬೆಯಂತೆ ಕಾಣುತ್ತಿತ್ತು. ಒಂದು ಸಂಜೆ ಮನೆಗೆ ಬಂದ ಅತ್ತಿಗೆ ಕಡ್ಡಿಯ ಗಲ್ಲ ಹಿಡಿದು ನಗು ಅಂದಳು. ಕಡ್ಡಿ ತಲೆ ಓರೆ ಮಾಡಿದಳು. ಅಮ್ಮ ಕೈಯಲ್ಲಿದ್ದ ಲೋಟವನ್ನು ಹಾಗೇ ಹಿಡಿದುಕೊಂಡು ಮಗಳನ್ನು ನೋಡಿದಳು.

"ನಿನ್ನ ಮುಖ ನನಗೆ ಬೇಕು ಕಣೇ," ಎಂದಳು ಆಮೇಲೆ.

"ಏನಕ್ಕೆ?"

"ಒಂದು ಕೆಟ್ಟ ಹುಡುಗಿಗೆ."

ಕಡ್ಡಿ ಯೋಚಿಸಿದಳು. "ಎಷ್ಟು ಕೆಟ್ಟವಳು?"

"ತುಂಬಾ."

"ಕೊಡ್ತೀನಿ. ಆದ್ರೆ ನನಗೆ ಯಾರೂ ನಗು ಅನ್ನಬಾರದು."

ಹಾಗೆ ಒಂದು ಭಾನುವಾರ ಕಚೇರಿಯಲ್ಲಿ ಕಡ್ಡಿಯನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ ಸುತ್ತಲಿಂದ ಫೋಟೋ ತೆಗೆದರು. ಅಮ್ಮ ಕೂದಲು ಬದಲಾಯಿಸಿದಳು, ಗಲ್ಲ ತುಂಬಿಸಿದಳು, ಕಿವಿ ಸಣ್ಣದು ಮಾಡಿದಳು. ಆ ನೋಟವನ್ನು ಮಾತ್ರ ಹಾಗೇ ಉಳಿಸಿಕೊಂಡಳು. ಇದು ನನ್ನ ಮಗಳ ಮುಖ ಎಂದು ಹೊರಗಿನವರಿಗೆ ತಿಳಿಯಕೂಡದು ಎಂದು ಬಾಸ್‌ಗೆ ಹೇಳಿದಳು. ಅವನು, ಖಂಡಿತ ಮೇಡಂ, ಅದೆಲ್ಲ ಹೇಳಬೇಕಾ, ಎಂದ.

ಆಟ ಮಾರುಕಟ್ಟೆಗೆ ಬಂತು. ಯಾರೂ ಎಣಿಸದಷ್ಟು ಜನ ಅದನ್ನು ಆಡಿದರು. ಆ ಖುಷಿಯಲ್ಲಿ ಕಂಪನಿಯವರು ಆಟ ತಯಾರಾದ ಬಗೆಯನ್ನು ತೋರಿಸುವ ಒಂದು ವಿಡಿಯೋ ಹಾಕಿದರು. ಅದರಲ್ಲಿ ಒಂದು ಗಳಿಗೆ ತಿರುಗುವ ಕುರ್ಚಿ, ಕುರ್ಚಿಯಲ್ಲಿ ಕಡ್ಡಿ, ಶಾಲೆಯ ಬೂಟುಗಳ ಸಮೇತ. ಅಮ್ಮನನ್ನು ಯಾರೂ ಕೇಳಿರಲಿಲ್ಲ.

ಅಷ್ಟು ಸಾಕಾಯಿತು. ಅವರಿದ್ದ ಅಪಾರ್ಟ್‌ಮೆಂಟಿನ ಹುಡುಗರಿಗೆ ಮೊದಲು ಗೊತ್ತಾಯಿತು, ಹುಡುಗರಿಂದ ಅಮ್ಮಂದಿರಿಗೆ. ಮೂರನೇ ಮಹಡಿಯ ಪುಟ್ಟ ಹುಡುಗನೊಬ್ಬ ಅಣ್ಣನ ಹೆಗಲ ಮೇಲಿಂದ ಇಣುಕಿ ಆಟ ನೋಡಿದ್ದ. ಮರುದಿನ ಬೆಳಗ್ಗೆ ಲಿಫ್ಟಿನ ಬಾಗಿಲು ತೆರೆದಾಗ ಒಳಗೆ ಚೀಲ ಹೊತ್ತು ನಿಂತ ಕಡ್ಡಿಯನ್ನು ಕಂಡು ಕಿಟಾರನೆ ಕಿರುಚಿ, ಅಲ್ಲೇ ಚಡ್ಡಿ ಒದ್ದೆ ಮಾಡಿಕೊಂಡ. ಕಡ್ಡಿ ಲಿಫ್ಟಿನ ಬಾಗಿಲು ಮುಚ್ಚದಂತೆ ಕೈ ಅಡ್ಡ ಇಟ್ಟು, "ಬರ್ತೀರಾ ಇಲ್ವಾ?" ಎಂದು ಪಕ್ಕದಲ್ಲಿದ್ದ ಅವನ ಅಮ್ಮನನ್ನು ಕೇಳಿದಳು. ಅದನ್ನೇ ಆಕೆ ಆಮೇಲೆ ಎಲ್ಲರ ಹತ್ತಿರವೂ ಬೆದರಿಕೆ ಎಂಬಂತೆ ಹೇಳಿಕೊಂಡು ಬಂದಳು.

ನಿವಾಸಿಗಳ ಸಂಘದ ಕಾರ್ಯದರ್ಶಿ ಒಬ್ಬ ನಿವೃತ್ತ ಮೇಷ್ಟ್ರು. ಆ ಸಂಜೆ ಮನೆಗೆ ಬಂದರು. ಬಾಗಿಲು ತೆಗೆದದ್ದು ಕಡ್ಡಿಯ ಅಜ್ಜಿ. ಅಜ್ಜಿ ಕಾಲುನೋವು ಬರುವ ತನಕ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಯಾರನ್ನಾದರೂ ಕೂರಿಸುವಾಗ ಈಗಲೂ ರೋಗಿಯನ್ನು ಕೂರಿಸುವಂತೆ ಭುಜ ಹಿಡಿದು ಒತ್ತಿಯೇ ಕೂರಿಸುತ್ತಿದ್ದಳು.

"ಹೆಚ್ಚೇನೂ ಇಲ್ಲ ಅಮ್ಮ," ಎಂದರು ಮೇಷ್ಟ್ರು, "ಸ್ವಲ್ಪ ದಿನ ನಿಮ್ಮ ಮೊಮ್ಮಗಳು ಲಿಫ್ಟ್ ಬಿಟ್ಟು ಮೆಟ್ಟಿಲಲ್ಲಿ ಓಡಾಡಿದ್ರೆ ಎಲ್ಲರಿಗೂ ಒಳ್ಳೇದು."

"ಕಿರುಚಿದ್ದು ಯಾರು?"

"ಆ ಮಗು."

"ಹಾಗಾದ್ರೆ ಅವನೇ ಮೆಟ್ಟಿಲಲ್ಲಿ ಓಡಾಡಲಿ. ಕಾಲಿಗೂ ಒಳ್ಳೇದು."

"ಹಾಗಲ್ಲಮ್ಮ. ನಿಮ್ಮ ಹುಡುಗಿ ಬೇರೆ ಮಕ್ಕಳ ಹಾಗೆ ನಗ್ತಾ ನಗ್ತಾ ಇದ್ದಿದ್ರೆ ಈ ತೊಂದರೆನೇ ಇರ್ತಿರ್ಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನಿಮಗೆ ಕಾಣಲ್ಲ."

ಅಜ್ಜಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಮೇಷ್ಟ್ರೇ, ನನ್ನ ಕೈಮೇಲೆ ಸಾವಿರಾರು ಮಕ್ಕಳು ಹುಟ್ಟಿವೆ. ಒಂದೂ ನಗ್ತಾ ಬರ್ಲಿಲ್ಲ. ಎಲ್ಲಾ ಬೈಕೊಂಡೇ ಬಂದ್ವು. ನೀವೂ ಹಾಗೇ ಬಂದಿರ್ತೀರ."

ಮೇಷ್ಟ್ರು ಎದ್ದು ಹೋದರು. ಕಡ್ಡಿ ಲಿಫ್ಟಿನಲ್ಲೇ ಓಡಾಡಿದಳು. ಅವಳು ಒಳಗೆ ಬಂದರೆ ಕೆಲವರು ಹೊರಗೆ ಹೋಗುತ್ತಿದ್ದರು. ಶಾಲೆಯಲ್ಲಿ ವಾರ್ಷಿಕೋತ್ಸವದ ಸಮೂಹ ಗಾಯನಕ್ಕೆ ಅವಳನ್ನು ಮುಂದಿನ ಸಾಲಿನಿಂದ ತೆಗೆದರು. ಪೋಷಕರು ದೂರು ಕೊಟ್ಟಿದ್ದಾರೆ, ಸ್ವಲ್ಪ ನಗುಮುಖ ಮಾಡಿಕೊಂಡರೆ ಮತ್ತೆ ಮುಂದೆ ನಿಲ್ಲಿಸೋಣ ಎಂದರು ಮುಖ್ಯೋಪಾಧ್ಯಾಯಿನಿ. ಕಡ್ಡಿ ಅವರನ್ನು ನೋಡಿದಳು. ಅವರು ಕಿಟಕಿಯ ಕಡೆ ತಿರುಗಿಕೊಂಡರು. ಕಡ್ಡಿ ಹಿಂದಿನ ಸಾಲಿನಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ ಹಾಡತೊಡಗಿದಳು.

ಮನೆಗೆ ಬಂದು ಒಬ್ಬಳೇ ಕೂತಾಗ ಅತ್ತಳು. ಅದನ್ನು ಅಜ್ಜಿ ನೋಡಿದಳು. ನೋಡಿಯೂ ನೋಡದಂತೆ ಬಟ್ಟೆ ಮಡಿಸಿದಳು. ಆಮೇಲೆ ಮಗನನ್ನು ಕರೆದು, "ಆ ಆಟ ನನಗೆ ಹಾಕಿಕೊಡು. ನನ್ನ ಮೊಮ್ಮಗಳ ಮೇಲೆ ಏನು ಆರೋಪ ಇದೆ ನೋಡ್ಬೇಕು," ಎಂದಳು.

ಕಡ್ಡಿಯ ಅಪ್ಪನಿಗೆ ಬೀದಿಯ ಮೂಲೆಯಲ್ಲಿ ಕನ್ನಡಕದ ಅಂಗಡಿ. ಗಿರಾಕಿ ಬಾಗಿಲು ತಳ್ಳುವ ಮೊದಲೇ ಅವನ ಮುಖದ ಮೇಲೆ ನಗು ಬಂದು ಕೂತಿರುತ್ತಿತ್ತು. ಅವನು ಟಿವಿಗೆ ಆಟ ಜೋಡಿಸಿಕೊಟ್ಟು, "ಹೆದರ್ಕೊಂಡೀಯಮ್ಮ, ಬಿಪಿ ಇದೆ ನಿನಗೆ," ಎಂದ. ಮಕ್ಕಳು ಆಡುವಂಥದ್ದಲ್ಲ ಎಂದು ಕಡ್ಡಿಯನ್ನು ಕೋಣೆಗೆ ಕಳಿಸಿದರು. ತನ್ನದೇ ಮುಖದ ಆಟವನ್ನು ಅವಳು ಅಲ್ಲಿಯವರೆಗೆ ಒಮ್ಮೆಯೂ ನೋಡಿರಲಿಲ್ಲ.

ಸಂಜೆಯೆಲ್ಲ ಅಜ್ಜಿ ಆಡಿದಳು. ಮೊದಲು ಹುಡುಗಿಯನ್ನು ಗೋಡೆಗೆ ಢಿಕ್ಕಿ ಹೊಡೆಸಿದಳು. ಆಮೇಲೆ ಕೈ ಕುದುರಿತು. ಮೆಟ್ಟಿಲ ಮೇಲೆ ಗೋಲಿ ಚೆಲ್ಲಿದಳು. ಚಿಕ್ಕಪ್ಪನ ಕೋಣೆಯ ಬಲ್ಬು ಸಡಿಲಿಸಿದಳು. ಚಿಕ್ಕಮ್ಮನ ಕಪಾಟಿನೊಳಗೆ ಅಡಗಿ, ಆಕೆಯ ಹೆಸರನ್ನು ಆಕೆಯದೇ ಧ್ವನಿಯಲ್ಲಿ ಕರೆದಳು. ಚಿಕ್ಕಮ್ಮ ಚಪ್ಪಲಿ ಕೂಡ ಹಾಕಿಕೊಳ್ಳದೆ ಗೇಟು ದಾಟಿ ಓಡಿದಾಗ ಅಜ್ಜಿ ತೊಡೆ ತಟ್ಟಿಕೊಂಡಳು.

"ಇದರಲ್ಲಿ ನಮ್ಮ ಹುಡುಗಿದು ಏನಿದೆ ತಪ್ಪು?" ಎಂದಳು ಸೊಸೆ ಬಂದ ಮೇಲೆ. "ಮಾಡಿದ್ದೆಲ್ಲಾ ನಾನು."

ಅಮ್ಮ ನಗಲಿಲ್ಲ. ಅವಳು ಕೆಲಸದಿಂದ ಬಂದದ್ದೇ ಬೇರೆ ಸುದ್ದಿಯೊಂದಿಗೆ. ಪೋಷಕರ ಗುಂಪೊಂದು ಆಟ ಮಾರುವ ಕಂಪನಿಗಳಿಗೆ ದೂರು ಕೊಟ್ಟಿತ್ತು. ಬಾಸ್ ಬೆವರುತ್ತಿದ್ದ. ಅದಕ್ಕೊಂದು ಪರಿಹಾರವನ್ನೂ ಕಂಡುಕೊಂಡಿದ್ದ. ಕಡ್ಡಿ ಕ್ಯಾಮೆರಾ ಮುಂದೆ ಕೂತು, ನಾನು ಒಳ್ಳೆಯ ಹುಡುಗಿ, ಅದು ಬರೀ ಆಟ ಎಂದು ಹೇಳಿ ಚೆಂದವಾಗಿ ನಗಬೇಕು. ಅಷ್ಟು ಮಾಡಿದರೆ ಎಲ್ಲ ತಣ್ಣಗಾಗುತ್ತದೆ.

ಊಟಕ್ಕೆ ಕೂತಾಗ ಮಾತು ಬಂತು.

"ಒಂದು ಸಲ ನಕ್ಕುಬಿಟ್ರೆ ಏನು ಸವೆದು ಹೋಗತ್ತೆ?" ಎಂದ ಅಪ್ಪ. "ನಾನು ದಿನಾ ನಗಲ್ವಾ? ಊರ ಬಾಯಿಗೆ ಬೀಗ ಹಾಕೋಕಾಗಲ್ಲ. ನಾವೇ ಸ್ವಲ್ಪ ತಗ್ಗಬೇಕು."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಗತ್ತೆ ಅದು," ಎಂದಳು ಅಜ್ಜಿ. "ಒಳ್ಳೆಯವಳು ಅಂತ ಇವಳ್ಯಾಕೆ ಹೋಗಿ ಹೇಳ್ಬೇಕು? ಕೆಟ್ಟವಳು ಅಂತ ಅವರು ಮೊದಲು ತೋರಿಸಲಿ."

ಅಮ್ಮ ತಟ್ಟೆಯನ್ನೇ ನೋಡುತ್ತಿದ್ದಳು. ಆ ಮುಖವನ್ನು ಹೊರಗೆ ಹಾಕಿದವರು ಅವರು. ಆದರೆ ಅದನ್ನು ಅವರ ಕೈಗೆ ಕೊಟ್ಟವಳು ತಾನು. ಕೆಲಸದ ಚಿಂತೆಯೂ ಇತ್ತು. "ಕಡ್ಡಿ, ನೀನೇನಂತೀಯ?" ಎಂದು ಮಾತ್ರ ಕೇಳಿದಳು.

"ಬರ್ತೀನಿ," ಎಂದಳು ಕಡ್ಡಿ.

ಮರುದಿನ ಕಚೇರಿಯಲ್ಲಿ ಅವಳಿಗೆ ಹಳದಿ ಫ್ರಾಕು ತೊಡಿಸಿದರು, ಕೂದಲಿಗೆ ಎರಡು ಚಿಟ್ಟೆ ಕ್ಲಿಪ್ಪು ಹಾಕಿದರು, ಹಿಂದೆ ಬಲೂನು ಕಟ್ಟಿದರು. ಕೆಳಗಿನ ಸೋಫಾದವರಿಗೆ ಸ್ವಲ್ಪ ಹೊತ್ತು ಪಿನ್ನು ಹೊಡೆಯಬೇಡಿ ಎಂದು ಹೇಳಿಕಳಿಸಿದರು. ಬಾಸ್ ಮಂಡಿಯೂರಿ ಕೂತು ಮಕ್ಕಳೊಂದಿಗೆ ಮಾತಾಡುವ ದನಿ ತೆಗೆದ.

"ಪುಟ್ಟಿ, ಒಂದೇ ಮಾತು. 'ನಾನು ಒಳ್ಳೇ ಹುಡುಗಿ, ಅದು ಬರೀ ಆಟ.' ಆಮೇಲೆ ಒಂದು ನಗು. ಮುಗೀತು. ಐಸ್‌ಕ್ರೀಮ್."

"ಯಾರು ಕೇಳಿದ್ರು?"

"ಏನನ್ನ?"

"ನಾನು ಒಳ್ಳೆಯವಳೋ ಅಲ್ವೋ ಅಂತ."

"ಜನ ಕೇಳ್ತಿದಾರೆ ಪುಟ್ಟಿ."

"ನನ್ನನ್ನ ಯಾರೂ ಕೇಳ್ಲಿಲ್ಲ. ಲಿಫ್ಟ್ ಬಿಟ್ಟು ಇಳ್ಕೊಂಡು ಹೋಗ್ತಾರೆ ಅಷ್ಟೇ."

ಯಾರೋ ನಗು ತಡೆದುಕೊಂಡ ಸದ್ದು ಬಂತು. ಬಾಸ್ ಎದ್ದು ಕ್ಯಾಮೆರಾದವನಿಗೆ ಕೈ ಮಾಡಿದ. ದೀಪ ಹತ್ತಿತು. ಎಲ್ಲರೂ ಕಾದರು. ಕಡ್ಡಿ ತಲೆ ಓರೆ ಮಾಡಿ ಕ್ಯಾಮೆರಾವನ್ನು ನೋಡಿದಳು. ಹಳದಿ ಫ್ರಾಕು, ಚಿಟ್ಟೆ, ಬಲೂನುಗಳ ನಡುವೆ ಆ ಮುಖ ಆಟದಲ್ಲಿ ಇದ್ದುದಕ್ಕಿಂತ ಹೆಚ್ಚು ದಿಗಿಲು ಹುಟ್ಟಿಸುವಂತಿತ್ತು.

"ಹೇಳು ಪುಟ್ಟಿ."

"ನಾನು ಯಾರಿಗೂ ಏನೂ ಮಾಡಿಲ್ಲ," ಎಂದಳು ಕಡ್ಡಿ. "ಹೆದರೋರು ಹೆದರ್ಕೊಳ್ಳಿ. ನಾನು ನಗಲ್ಲ. ಮುಖ ಕೊಡುವಾಗಲೇ ಹೇಳಿದ್ದೆ."

ಬಾಸ್ ಇನ್ನೊಂದು ಸಲ ಹೇಳಿಸಿದ, ಮತ್ತೊಂದು ಸಲ ಹೇಳಿಸಿದ. ಮೊದಲು ಪುಸಲಾಯಿಸಿದ, ಆಮೇಲೆ ಹಟಮಾರಿ ಎಂದ, ಕೊನೆಗೆ, ನಿನ್ನಿಂದ ನಿಮ್ಮಮ್ಮನಿಗೆ ತೊಂದರೆ ಆಗುತ್ತೆ ಎಂದ. ಆ ಮಾತಿಗೆ ಕಡ್ಡಿಯ ರೆಪ್ಪೆ ಮೊದಲ ಬಾರಿ ಅಲುಗಿತು. ಅವಳು ಅಮ್ಮನ ಕಡೆ ನೋಡಿದಳು.

ಅಷ್ಟರಲ್ಲಿ ಬಾಸ್‌ಗೆ ಏನೋ ಹೊಳೆಯಿತು. ಸಮಾಧಾನದಿಂದ ಕೈ ಕೊಡವಿದ. "ಬಿಡಿ, ಇವಳು ನಗೋದೇ ಬೇಡ. ನಮ್ಮ ಹತ್ರ ಮುಖ ಇದೆಯಲ್ಲ. ಕಂಪ್ಯೂಟರಲ್ಲಿ ನಗಿಸೋಣ. ಮಾತು ಯಾರ ಹತ್ರನಾದ್ರೂ ಹೇಳಿಸೋಣ. ಮೇಡಂ, ನಿಮಗೆ ಎರಡು ದಿನದ ಕೆಲಸ ಅಲ್ವಾ?"

ಅಮ್ಮ ಗೋಡೆಗೆ ಒರಗಿ ನಿಂತಿದ್ದಳು. ಮಗಳು ಆಡದ ಮಾತನ್ನು ಮಗಳ ಮುಖ ಆಡುವುದು, ನಗದ ನಗುವನ್ನು ನಗುವುದು, ಅದನ್ನು ತಾನೇ ಕೂತು ಕೆತ್ತುವುದು, ಇದೆಲ್ಲ ಕಣ್ಣ ಮುಂದೆ ಬಂದು ನಿಂತಿತು. ಅಷ್ಟು ದಿನ ದಿಗಿಲು ಹುಟ್ಟಿಸುವ ಆಟ ಮಾಡಿದವಳಿಗೆ ನಿಜವಾದ ದಿಗಿಲು ಹುಟ್ಟಿದ್ದು ಆಗ.

"ನಾನು ಮಾಡಲ್ಲ ಸರ್," ಎಂದಳು.

"ಯೋಚನೆ ಮಾಡಿ ಹೇಳಿ."

"ಯೋಚನೆ ಮಾಡೇ ಹೇಳ್ತಿದೀನಿ. ಕೆಟ್ಟ ಹುಡುಗಿಗೆ ಅಂತ ಮುಖ ಕೊಟ್ಟಿದ್ದು ಅವಳು. ಸುಳ್ಳು ಹುಡುಗಿಗೆ ಕೊಟ್ಟಿಲ್ಲ. ಮೊದಲ ವಿಡಿಯೋ ನೀವು ಕೇಳದೆ ಹಾಕಿದ್ರಿ, ನಾನು ಸುಮ್ನಿದ್ದೆ. ಆ ತಪ್ಪು ಇನ್ನೊಂದು ಸಲ ಮಾಡಲ್ಲ."

"ನೀವು ಮಾಡ್ದೇ ಇದ್ರೆ ಬೇರೆಯವರು ಮಾಡ್ತಾರೆ. ಕಂಪನಿ ಮುಖ ಅದು."

"ಮಾಡಿಸಿ. ಈ ಹುಡುಗಿ ನಗಲಿಲ್ಲ, ಇವರೇ ನಗಿಸಿದಾರೆ ಅಂತ ನಾನು ಬೀದಿಯಲ್ಲಿ ನಿಂತು ಹೇಳ್ತೀನಿ. ಕಡ್ಡಿ, ಏಳು."

ಕಡ್ಡಿ ಕ್ಲಿಪ್ಪುಗಳನ್ನು ಕಿತ್ತು ಕುರ್ಚಿಯ ಮೇಲೆ ಇಟ್ಟಳು. ಫ್ರಾಕು ಬದಲಾಯಿಸುವಷ್ಟು ಹೊತ್ತೂ ಅವರು ಅಲ್ಲಿ ನಿಲ್ಲಲಿಲ್ಲ. ಮೆಟ್ಟಿಲಿಳಿದು ಬರುವಾಗ ಕೆಳಗಿನ ಸೋಫಾದವರು, ಇನ್ನು ಹೊಡೀಬಹುದಾ ಮೇಡಂ, ಎಂದು ಕೇಳಿದರು. ಹೊಡೀರಿ ಎಂದಳು ಅಮ್ಮ. ಬೀದಿಗೆ ಬಂದ ಮೇಲೆ ಕಡ್ಡಿ ಅವಳ ಕೈ ಹಿಡಿದುಕೊಂಡಳು.

"ಕೆಲಸ ಹೋಯ್ತಾಮ್ಮ?"

"ಹೋಯ್ತು ಅನ್ಸತ್ತೆ."

"ನನ್ನಿಂದಾನಾ?"

"ನಿನ್ನಿಂದ ಅಲ್ಲ. ನಾನೇ ಬಿಟ್ಟಿದ್ದು. ನಿನ್ನನ್ನ ಆ ಕುರ್ಚಿಯಲ್ಲಿ ಕೂರಿಸಿದ್ದೂ ನಾನೇ. ನನ್ನ ಮೇಲೆ ಕೋಪ ಇದ್ರೆ ಹೇಳು."

"ಮೊದಲನೇ ಸಲ ಕೂರಿಸಿದ್ದಕ್ಕೆ ಇಲ್ಲ," ಎಂದಳು ಕಡ್ಡಿ. "ಇವತ್ತು ಕರ್ಕೊಂಡು ಬಂದಿದ್ದಕ್ಕೆ ಇದೆ."

"ಸರಿ," ಎಂದಳು ಅಮ್ಮ. ಆ ಕೋಪ ತೀರಲು ಬಹಳ ದಿನ ಹಿಡಿಯಿತು. ಅಮ್ಮ ಅದನ್ನು ಬೇಗ ತೀರಿಸಲು ಹೋಗಲೂ ಇಲ್ಲ.

ಬಾಸ್ ಹೇಳಿದಂತೆ ಬೇರೆಯವರ ಕೈಯಲ್ಲಿ ಮಾಡಿಸಿದ. ಅಲ್ಲಿನ ಸುದ್ದಿ ಕತೆ ಬರೆಯುವವಳಿಂದ ಅಮ್ಮನಿಗೆ ತಿಳಿಯುತ್ತಿತ್ತು. ಆ ಮುಖವನ್ನು ನಗುವುದಕ್ಕೆಂದು ಯಾರೂ ಕಟ್ಟಿರಲಿಲ್ಲ. ತುಟಿ ಎಳೆದರೆ ಕಣ್ಣು ಹಾಗೇ ಉಳಿಯುತ್ತಿತ್ತು, ಕಣ್ಣು ಕಿರಿದು ಮಾಡಿದರೆ ಹಲ್ಲು ಮುಂದೆ ಬರುತ್ತಿತ್ತು. ಅಂತೂ ಇಂತೂ ಒಂದು ನಗು ತಯಾರಾಯಿತು. ಅದನ್ನು ಕಚೇರಿಯ ದೊಡ್ಡ ಪರದೆಯ ಮೇಲೆ ಹಾಕಿದಾಗ, ಅಷ್ಟು ದಿನ ಆ ಹುಡುಗಿಯ ಎಲ್ಲ ಕೆಡುಕನ್ನೂ ತಿಂಡಿ ತಿನ್ನುತ್ತಲೇ ನೋಡಿದ್ದ ಧ್ವನಿ ವಿಭಾಗದವನು ತಟ್ಟೆ ಕೆಳಗಿಟ್ಟು ಹೊರಗೆ ಹೋದ. ನಾನು ಒಳ್ಳೆಯ ಹುಡುಗಿ ಎಂದು ಅದು ಹೇಳಿದಾಗ ಉಳಿದವರೂ ಎದ್ದರು. ಬಾಸ್ ಒಬ್ಬನೇ ಕೂತು ಕೊನೆಯವರೆಗೂ ನೋಡಿ ತಾನೇ ಅದನ್ನು ಅಳಿಸಿಹಾಕಿದ. ಪೋಷಕರ ಗುಂಪು ಅಷ್ಟರಲ್ಲಿ ಇನ್ನೊಂದು ಆಟದ ಮೇಲೆ ದೂರು ಬರೆಯುತ್ತಿತ್ತು.

ಅಮ್ಮನನ್ನು ಅವನು ವಾಪಸ್ ಕರೆಯಲಿಲ್ಲ. ಕ್ಷಮೆಯನ್ನೂ ಕೇಳಲಿಲ್ಲ. ಬಟ್ಟೆ ಅಂಗಡಿಗಳಿಗೆ ಆಳೆತ್ತರದ ಬೊಂಬೆ ಮಾಡುವ ಕಾರ್ಖಾನೆಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಮೊದಲಿನ ಕೆಲಸದಷ್ಟು ಅದು ಅವಳಿಗೆ ಹಿಡಿಸಲಿಲ್ಲ. ಪ್ಲಾಸ್ಟರಿನ ಧೂಳಿಗೆ ಸಂಜೆಯಾದರೆ ಕೆಮ್ಮು ಬರುತ್ತಿತ್ತು. ರಜೆಯ ದಿನ ಕತೆ ಬರೆಯುವವಳು ಮನೆಗೆ ಬಂದರೆ ಇಬ್ಬರೂ ಹೊಸ ಆಟವೊಂದರ ಮಾತಾಡುತ್ತಿದ್ದರು. ಅದು ಆಗುತ್ತದೋ ಇಲ್ಲವೋ ಇಬ್ಬರಿಗೂ ಗೊತ್ತಿರಲಿಲ್ಲ.

ಅಪ್ಪನ ಅಂಗಡಿಗೆ ಒಂದು ದಿನ ಸಂಘದ ಮೇಷ್ಟ್ರು ಕನ್ನಡಕದ ಸ್ಕ್ರೂ ಬಿಗಿಸಿಕೊಳ್ಳಲು ಬಂದರು. "ಹುಡುಗಿ ಈಗ ಹೇಗೆ, ಸ್ವಲ್ಪ ತಿದ್ದಿಕೊಂಡಳಾ?" ಎಂದರು. ಅಪ್ಪ ಸ್ಕ್ರೂ ಬಿಗಿದ, ಗಾಜು ಒರೆಸಿದ, ಕನ್ನಡಕವನ್ನು ಅವರ ಕೈಯಲ್ಲಿಟ್ಟ. "ತಿದ್ದೋಕೆ ಅವಳೇನು ಕನ್ನಡಕ ಅಲ್ಲ," ಎಂದ. ಆ ಮಾತು ತನ್ನ ಬಾಯಿಂದಲೇ ಬಂತೇ ಎಂದು ಅವನಿಗೆ ಸಂಜೆಯವರೆಗೂ ಬೆರಗಾಗುತ್ತಿತ್ತು. ಮನೆಗೆ ಬಂದು ಅಜ್ಜಿಗೆ ಹೇಳಿದ. ಅಜ್ಜಿ ಅವನಿಗೆ ಇನ್ನೊಂದು ಸಲ ಹೇಳಿಸಿ ಕೇಳಿಸಿಕೊಂಡಳು.

ಶಾಲೆಯಲ್ಲಿ ಮಾತ್ರ ಯಾರೂ ಊಹಿಸದ ಒಂದು ಸಂಗತಿ ನಡೆಯಿತು. ಕಡ್ಡಿಯ ತರಗತಿಯ ಹುಡುಗಿಯರು ಊಟದ ಬಿಡುವಿನಲ್ಲಿ 'ಮನೆಮುದ್ದು' ಆಡತೊಡಗಿದ್ದರು. ಅಣ್ಣ ಅಕ್ಕಂದಿರಿಂದ ಕೇಳಿ ತಿಳಿದ ಆಟ. ನೀರಿನ ಟ್ಯಾಂಕಿನ ಹಿಂದಿನ ಜಾಗವೇ ದೊಡ್ಡ ಮನೆ. ಆದರೆ ಆಟ ಮುಂದೆ ಸಾಗುತ್ತಿರಲಿಲ್ಲ. ಎಲ್ಲರಿಗೂ ಕೆಟ್ಟ ಹುಡುಗಿಯೇ ಆಗಬೇಕು. ಚಿಕ್ಕಮ್ಮ ಆಗುವವರು ಯಾರೂ ಇಲ್ಲ. ಜಗಳವಾಗಿ ಕೊನೆಗೆ ಮೂವರು ಕಡ್ಡಿಯ ಹತ್ತಿರ ಬಂದರು. ಎಷ್ಟೋ ದಿನಗಳ ಮೇಲೆ ಅವಳ ಬೆಂಚಿನ ಹತ್ತಿರ ಯಾರಾದರೂ ತಾವಾಗಿ ಬಂದದ್ದು ಅದೇ ಮೊದಲು.

"ಯಾರು ಆಗ್ಬೇಕು ಅಂತ ನೀನೇ ಹೇಳು. ನಿನ್ನದೇ ಅಲ್ವಾ ಆಟ?"

"ಎಲ್ಲರೂ ಆಗಿ," ಎಂದಳು ಕಡ್ಡಿ, ಡಬ್ಬಿ ಮುಚ್ಚುತ್ತಾ. "ನಾನು ಚಿಕ್ಕಮ್ಮ ಆಗ್ತೀನಿ."

ಕಡ್ಡಿಯಷ್ಟು ಚೆನ್ನಾಗಿ ಚಿಕ್ಕಮ್ಮ ಆಗುವವರು ಬೇರೆ ಯಾರೂ ಇರಲಿಲ್ಲ. ನೆಂಟರು, ಟೀಚರುಗಳು, ಬಾಸ್, ಮೇಷ್ಟ್ರು, ಎಲ್ಲರ ದನಿಯೂ ಅವಳ ಗಂಟಲಲ್ಲಿ ತಯಾರಾಗಿತ್ತು. ಗಲ್ಲ ಹಿಡಿಯುತ್ತಿದ್ದಳು, ಜಡೆ ಎಳೆಯುತ್ತಿದ್ದಳು, ಪುಟ್ಟಿ ಪುಟ್ಟಿ ಎಂದು ರಾಗ ಎಳೆಯುತ್ತಿದ್ದಳು. ಹುಡುಗಿಯರು ತಲೆ ಓರೆ ಮಾಡಿ, ನಗು ಬರುತ್ತಿದ್ದರೂ ನುಂಗಿಕೊಂಡು ದಿಟ್ಟಿಸಿದರೆ ಅವಳು ಕಿರುಚಿಕೊಂಡು ಟ್ಯಾಂಕು ಸುತ್ತಿ ಓಡುತ್ತಿದ್ದಳು.

ಒಂದು ದಿನ ಆ ಗಲಾಟೆ ಕೇಳಿ ಸಂಗೀತದ ಟೀಚರು ಬಂದರು. "ಏನ್ರೇ ಇದು ಕೆಟ್ಟ ಆಟ? ಹೆಣ್ಣುಮಕ್ಕಳು ಹೀಗಾ ಆಡೋದು? ನಿಲ್ಲಿಸಿ. ಎಲ್ಲಿ, ಎಲ್ಲರೂ ನಗುಮುಖ ಮಾಡಿ ನೋಡೋಣ."

ಕಡ್ಡಿ ಓಡುತ್ತಿದ್ದವಳು ನಿಂತು ಏದುಸಿರು ಬಿಡುತ್ತಿದ್ದಳು. ಅವಳು ಏನೂ ಮಾಡಲಿಲ್ಲ. ಮಾಡಿದ್ದು ಉಳಿದವರು. ಟ್ಯಾಂಕಿನ ನೆರಳಲ್ಲಿ ನಿಂತಿದ್ದ ಅಷ್ಟೂ ಹುಡುಗಿಯರು ಒಬ್ಬರ ಹಿಂದೊಬ್ಬರು ಟೀಚರ ಕಡೆ ತಿರುಗಿದರು. ತಲೆಗಳು ಓರೆಯಾದವು. ಒಂದು ರೆಪ್ಪೆಯೂ ಅಲುಗಲಿಲ್ಲ.

ಟೀಚರು ಕೈಗಡಿಯಾರ ನೋಡಿಕೊಂಡರು. ಸರಿ ಸರಿ, ಬೇಗ ಮುಗಿಸಿ ಒಳಗೆ ಬನ್ನಿ ಎಂದು ಯಾರಿಗೋ ಹೇಳಿದಂತೆ ಹೇಳಿ, ಬಂದದ್ದಕ್ಕಿಂತ ಬೇಗ ನಡೆದು ಸ್ಟಾಫ್ ರೂಮಿನ ಬಾಗಿಲು ಹಾಕಿಕೊಂಡರು.

"ಈಗ ಚಿಕ್ಕಪ್ಪ ಯಾರಾಗ್ತೀರ?" ಎಂದು ಕೇಳಿದಳು ಕಡ್ಡಿ.